ಮಿತ್ರಿಯ ಹೆಸರಿಂದ ಶುರುವಾಗುವ ಚೀಟಿ

ಆ ಸಲದ ಪುರಸಭೆ ಚುನಾವಣೆಯಲ್ಲಿ ದೈರ್ ಸುಮ್ಮಾಕ್ ಊರಿನಲ್ಲಿ ಒಂದು ವೋಟಿಗೆ ಇಷ್ಟು ಅಂತ ಖರ್ಚಿತ್ತು. ಬೈರೂತಿನಿಂದ ಬರುವವರಿಗೆ ಟ್ಯಾಂಕು ತುಂಬ ಪೆಟ್ರೋಲು, ಮಧ್ಯಾಹ್ನದ ಊಟ, ವಾಪಸು ಹೋಗುವಾಗ ಒಂದು ಡಬ್ಬ ಆಲಿವ್ ಎಣ್ಣೆ. ತ್ರಿಪೋಲಿಯಿಂದ ಬರುವವರಿಗೆ ಅರ್ಧ ಟ್ಯಾಂಕು, ಊಟ, ಎಣ್ಣೆ ಇಲ್ಲ. ಊರಲ್ಲೇ ಇದ್ದು ಯಾವ ದೊಡ್ಡ ಮನೆತನಕ್ಕೂ ಸೇರದವರಿಗೆ ನೂರು ಡಾಲರಿನ ನೋಟು, ಅದೂ ಮಡಿಕೆ ಬೀಳದ ಹೊಸ ನೋಟು, ಯಾಕೆಂದರೆ ಹಳೆಯದನ್ನು ಅಂಗಡಿಯವರು ಮುಟ್ಟುವುದಿಲ್ಲ. ಚುನಾವಣೆಗೆ ನಿಂತ ಮನೆಯವರಿಗೆ ಮಾತ್ರ ಏನೂ ಇಲ್ಲ. ಮನೆಯವರ ವೋಟು ಮನೆ ಬಾವಿಯ ನೀರಿನ ಹಾಗೆ, ಕೊಡ ಇಳಿಬಿಟ್ಟರೆ ತುಂಬಿ ಬರಬೇಕು. ಅದ್ಲಾ ಶಂಬೂರ್ ಮನೆಯವಳು. ಅಂದರೆ ಆ ಮನೆಗೆ ಮದುವೆಯಾಗಿ ಬಂದವಳು. ಮದುವೆಯಾದ ವಾರದಲ್ಲೇ ಅವಳ ಹೆಸರನ್ನು ಅಪ್ಪನ ಊರಿನ ದಫ್ತರದಿಂದ ತೆಗೆದು ಗಂಡನ ಊರಿನ ದಫ್ತರಕ್ಕೆ ಬರೆದಿದ್ದರು. ಗಂಡ ನಖೂಲಾ ಸತ್ತ ಮೇಲೂ ಹೆಸರು ಅಲ್ಲೇ ಉಳಿಯಿತು. ಅವಳೂ ಅಲ್ಲೇ ಉಳಿದಳು. ಮಕ್ಕಳಿಲ್ಲ, ಅಪ್ಪನ ಮನೆ ಯಾವಾಗಲೋ ಮಾರಿಹೋಗಿದೆ. ತನ್ನ ವೋಟಿನ ಖರ್ಚು ಎಷ್ಟು ಅಂತ ಅವಳಿಗೆ ಗೊತ್ತಿತ್ತು. ಭಾವನ ಹೆಸರುಗಳನ್ನು ಬಿಟ್ಟು ಬೇರೆ ಹೆಸರು ಬರೆದರೆ ಅಡುಗೆಮನೆಯ ಹಿಂದಿನ ಆ ಕೋಣೆ, ಅದರೊಳಗಿನ ಮಂಚ, ಮೂರು ಹೊತ್ತಿನ ಊಟ, ಸತ್ತರೆ ಗಂಡನ ಪಕ್ಕದ ಗುಂಡಿ, ಇಷ್ಟೂ ಹೋಗುತ್ತದೆ.

ಆ ಕೋಣೆಗೆ ಒಂದು ಕಿಟಕಿ ಇತ್ತು, ಜನರೇಟರಿನ ಕಡೆಗೆ ತೆರೆಯುವುದು. ನಖೂಲಾ ಹೋದ ಮೇಲೆ ಮೇಲಿನ ಮಹಡಿಯನ್ನು ಭಾವನ ಮಗ ಮಲ್ಹೆಮನಿಗೆ ಬಿಟ್ಟುಕೊಟ್ಟು ಅವಳು ಕೆಳಗಿಳಿದಿದ್ದಳು. ಬಿಟ್ಟುಕೊಟ್ಟಳು ಎನ್ನುವುದು ಭಾವ ಅಬು ಮಲ್ಹೆಮ್ ಬಂದವರಿಗೆಲ್ಲ ಹೇಳುವ ಮಾತು. ನಡೆದದ್ದೇನೆಂದರೆ, ಶವಪೆಟ್ಟಿಗೆ ಇನ್ನೂ ಮೆಟ್ಟಿಲಿಳಿಯುವ ಮೊದಲೇ ಮಲ್ಹೆಮ್ ಬಂದು ನಖೂಲಾನ ಕಾರಿನ ಕೀಲಿ ಎಲ್ಲಿ ಚಿಕ್ಕಮ್ಮ ಅಂತ ಕೇಳಿದ್ದ, ಅತ್ತು ಕೆಂಪಾದ ಕಣ್ಣಲ್ಲೇ ಕೇಳಿದ್ದ, ಅವಳೂ ಅತ್ತುಕೊಂಡೇ ಮೊಳೆಗೆ ತೂಗುಹಾಕಿದ್ದ ಕೀಲಿಯನ್ನು ತೆಗೆದುಕೊಟ್ಟಿದ್ದಳು. ಈಗ ಅದೇ ಮಲ್ಹೆಮ್ ಪುರಸಭೆಯ ಅಧ್ಯಕ್ಷನಾಗಲು ಹೊರಟಿದ್ದಾನೆ. ಅವನ ಹಲ್ಲು ಬಿಟ್ಟ ಮುಖ ಅವಳ ಕಿಟಕಿಯ ಎದುರಿನ ಜನರೇಟರಿನ ಮೇಲೂ ಅಂಟಿದೆ. ಮತದಾನದ ದಿನ ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ಅದನ್ನೇ ನೋಡುತ್ತ, ಲಮ್ಯಾಗೆ ಕೊಟ್ಟ ಮಾತನ್ನು ಯಾರೂ ಕೇಳಿರಲಿಲ್ಲವಲ್ಲ, ನಾನೇ ಯಾಕೆ ಕೊಟ್ಟೆ ಅಂದುಕೊಂಡಳು. ಲಮ್ಯಾ ಊರಿನ ಆಸ್ಪತ್ರೆಯ ನರ್ಸು. ನಖೂಲಾ ಮಲಗಿದ ಚಳಿಗಾಲ ಪೂರ್ತಿ ಎರಡು ಹೊತ್ತೂ ಬಂದು ಸೂಜಿ ಹಾಕಿ, ಬೆನ್ನಿನ ಹುಣ್ಣು ತೊಳೆದು, ಬಾಯಿ ಒರೆಸಿ ಹೋದವಳು. ಮನೆಯವರೆಲ್ಲ ಬಾಗಿಲಲ್ಲಿ ನಿಂತು ಮೂಗಿಗೆ ಬಟ್ಟೆ ಹಿಡಿದಿದ್ದಾಗ ಒಳಗಿದ್ದವಳು. ಅವತ್ತು ಅಡುಗೆಮನೆಯಲ್ಲಿ ಕಾಫಿ ಲೋಟ ಅವಳ ಕೈಗಿಡುತ್ತ ಅದ್ಲಾ, "ನಿನಗೆ ಕೊಡೋದಕ್ಕೆ ನನ್ನ ಹತ್ರ ಏನಿದೆ ತಾಯಿ. ಒಂದು ವೋಟಿದೆ. ಯಾವತ್ತಾದ್ರೂ ನಿಂತರೆ ಅದು ನಿಂದೇ" ಅಂದಿದ್ದಳು. ಇಬ್ಬರೂ ನಕ್ಕಿದ್ದರು. ಯಾರು ನಿಲ್ಲುತ್ತಾರೆ, ಯಾವ ಹೆಂಗಸು ನಿಲ್ಲುತ್ತಾಳೆ ಆ ಊರಲ್ಲಿ.

ನಿಂತಳು. ಶಾಲೆಯ ಪಕ್ಕದಲ್ಲಿ ಹರಿಯುವ ಕೊಳಚೆಯಿಂದ ಮಕ್ಕಳಿಗೆ ಭೇದಿಯಾಗುತ್ತಿದೆ ಅಂತ ಮೂರು ಸಲ ಪುರಸಭೆಗೆ ಹೋಗಿ ಹೇಳಿ, ನಾಲ್ಕನೆಯ ಸಲ ಅವರು ಕಾಫಿ ಕೂಡ ಕೊಡದೆ ಕಳಿಸಿದಾಗ ಒಬ್ಬಳೇ ಹೋಗಿ ಅರ್ಜಿ ಹಾಕಿ ಬಂದಳು. ಆಮೇಲೊಂದು ದಿನ ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತ ಮೆಲ್ಲಗೆ, "ಆವತ್ತು ಹೇಳಿದ್ದು ನೆನಪಿದೆ. ಬಿಡು ಅದ್ಲಾ. ನಿನಗೆ ಕಷ್ಟ" ಅಂದಳು.

"ಇಲ್ಲ. ಹಾಕ್ತೀನಿ."

"ಗೆಲ್ಲೋದಿಲ್ಲ ನಾನು, ಅಷ್ಟು ಗೊತ್ತು. ಆದ್ರೆ ಹೆಂಗಸರು ವೋಟು ಹಾಕೋ ಕೋಣೇಲಿ ಒಂದೇ ಒಂದು ಶಂಬೂರ್ ಚೀಟಿಲಿ ನನ್ನ ಹೆಸರು ಬಂತು ಅನ್ನು, ಮಾರನೇ ದಿನ ಸೂಜಿ ಹಿಡ್ಕೊಂಡು ನಿಮ್ಮ ಬಾಗಿಲಿಗೆ ಬರೋಕೆ ನಂಗೆ ಮುಖ ಇರತ್ತೆ. ಒಂದೂ ಇಲ್ಲ ಅಂದ್ರೆ ಬೇರೆ ಊರು ನೋಡ್ಕೋತೀನಿ."

ಅದ್ಲಾ ಆಗ ಅವಳ ಮಣಿಕಟ್ಟು ಹಿಡಿದುಕೊಂಡಿದ್ದಳು. ಹಿಡಿದುಕೊಂಡು ಮತ್ತೆ ಹೇಳಿದ್ದಳು, ಹಾಕ್ತೀನಿ ಅಂತ. ಧೈರ್ಯವಿಲ್ಲದವರು ಹೀಗೇ, ಮಾತು ಕೊಡುವುದರಲ್ಲಿ ಧಾರಾಳ. ಹೀಗೆ ತನ್ನ ಬಗ್ಗೆ ತಾನೇ ಅಂದುಕೊಳ್ಳುತ್ತ, ಶಫೀಕಾ ಅತ್ತೆಗೆ ತಿನ್ನಿಸಬೇಕಾದ ಕಿಶ್ಕ್ ಗಂಜಿಯನ್ನು ಒಲೆಯ ಮೇಲೆ ತಿರುವುತ್ತಿದ್ದಾಗ ಭಾವ ಕರೆದ.

ಊಟದ ಮೇಜಿನ ಮೇಲೆ ಚೀಟಿಗಳನ್ನು ಸಾಲಾಗಿ ಹರಡಿದ್ದ. ಆ ಊರಲ್ಲಿ ವೋಟೆಂದರೆ ಒಂಬತ್ತು ಹೆಸರು ಬರೆದ ಒಂದು ಚೀಟಿ. ಮನೆಯಿಂದಲೇ ಬರೆದು ತಂದು ಲಕೋಟೆಯಲ್ಲಿಟ್ಟು ಪೆಟ್ಟಿಗೆಗೆ ಹಾಕಬಹುದು, ಬೇಡದ ಹೆಸರಿಗೆ ಗೀಟು ಹೊಡೆದು ಬೇಕಾದ ಹೆಸರು ಸೇರಿಸಬಹುದು. ಶಂಬೂರ್ ಮನೆಯಲ್ಲಿ ತಲೆಗೊಂದು ಚೀಟಿ ಬರೆಯುತ್ತಿದ್ದರು. ಒಂಬತ್ತು ಹೆಸರುಗಳು ಎಲ್ಲದರಲ್ಲೂ ಅವೇ, ಆದರೆ ಸಾಲು ಬೇರೆ ಬೇರೆ. ಒಬ್ಬರದ್ದು ಔಷಧಿ ಅಂಗಡಿಯ ಸಲೀಬಾನಿಂದ ಶುರು, ಇನ್ನೊಬ್ಬರದ್ದು ಗಾಣದ ಮಿತ್ರಿಯಿಂದ, ಮತ್ತೊಬ್ಬರದ್ದು ಮಲ್ಹೆಮನಿಂದ. ಸಂಜೆ ಪೆಟ್ಟಿಗೆ ಒಡೆದು ಅಧಿಕಾರಿ ಒಂದೊಂದೇ ಚೀಟಿಯನ್ನು ಗಟ್ಟಿಯಾಗಿ ಓದುವಾಗ, ಮೂಲೆಯಲ್ಲಿ ಕೂತ ಮನೆಯ ಕಡೆಯ ಏಜೆಂಟ್ ತನ್ನೂಸ್ ಯಾವ ಸಾಲು ಯಾರದ್ದು ಅಂತ ಗುರುತು ಹಾಕಿಕೊಳ್ಳುತ್ತಾನೆ. ಮತದಾನ ಗುಪ್ತವೇ. ಕಾನೂನು ಎಲ್ಲೂ ಮುರಿಯುವುದಿಲ್ಲ. ಊರಿಗೆಲ್ಲ ಗೊತ್ತಿರುವ ಈ ಗುಟ್ಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಎದುರುಮನೆಯ ಸ್ನಾನದ ಕಿಟಕಿಯ ಬಗ್ಗೆ ಮಾತಾಡದ ಹಾಗೆ.

"ಅದ್ಲಾ, ನಿಂದು ಸಲೀಬಾನಿಂದ ಶುರು. ಅತ್ತೇದು ಮಿತ್ರಿಯಿಂದ. ಎರಡೂ ನಿನ್ನ ಚೀಲದಲ್ಲಿರ್ಲಿ, ಅತ್ತೆ ಕೈ ನಡುಗತ್ತೆ, ಬೀಳಿಸ್ಕೋತಾರೆ. ಅದಲು ಬದಲು ಮಾಡ್ಬೇಡ" ಅಂದ ಅಬು ಮಲ್ಹೆಮ್.

"ಇಲ್ಲ ಭಾವ."

"ಅದಲು ಬದಲಾದ್ರೆ ಏನಾಗತ್ತಪ್ಪ? ಸ್ವರ್ಗದ ಬಾಗಿಲು ಹಾಕ್ಕೊಳತ್ತಾ?" ಶಫೀಕಾ ಅತ್ತೆ ತನ್ನ ಕುರ್ಚಿಯಿಂದ ಕೇಳಿದಳು. ಭಾವನಿಗೂ ಸತ್ತ ನಖೂಲಾನಿಗೂ ಸೋದರತ್ತೆ, ಮದುವೆಯಾಗದೆ ಉಳಿದವಳು, ಎಂಬತ್ತು ದಾಟಿದವಳು. ಕಾಲು ಸೋತಿತ್ತು, ಕೈ ಸದಾ ನಡುಗುತ್ತಿತ್ತು, ನಾಲಿಗೆ ಮಾತ್ರ ಹುಡುಗಿಯದ್ದು.

"ಲೆಕ್ಕ ತಪ್ಪತ್ತೆ ಅತ್ತೆ."

"ನಿನ್ನ ಮೂಗಿನ ಸಿಂಬಳ ಒರೆಸಿದವಳು ನಾನು. ನನ್ನ ಲೆಕ್ಕ ನೀನಿಡ್ತೀಯಾ? ಅದೂ ಹೋಗಿ ಹೋಗಿ ಮಿತ್ರಿ ಹೆಸರು ನನ್ನ ತಲೆಗೆ ಕಟ್ಟಿದ್ಯಲ್ಲ. ಅವನಪ್ಪ ಎರಡು ಸುಗ್ಗಿ ನಮ್ಮ ಜಗಲಿ ಸವೆಸಿ ಕೊನೆಗೆ ಬತ್ರೂನ್ ಊರಿನ ಹಲ್ಲುಬ್ಬಿಯನ್ನ ಕಟ್ಕೊಂಡ. ನಾನು ಆ ಸೂಜಿ ಹುಡುಗಿಗೇ ಹಾಕೋದು, ನೋಡ್ತಿರು. ಈ ಊರಲ್ಲಿ ನನ್ನ ಕುಂಡಿ ನೋಡಿ ನಗದೇ ಇದ್ದವಳು ಅವಳೊಬ್ಬಳೇ."

ಮನೆಯೆಲ್ಲ ನಕ್ಕಿತು. ಭಾವನ ಹೆಂಡತಿ ಉಮ್ಮ್ ಮಲ್ಹೆಮ್ ಕಣ್ಣೊರೆಸಿಕೊಂಡಳು. ಭಾವನೂ ನಕ್ಕ, ಕಣ್ಣನ್ನು ಸೇರಿಸಿಕೊಳ್ಳದೆ.

ಅದ್ಲಾ ಅತ್ತೆಯನ್ನು ಅವಳ ಕೋಣೆಗೆ ಕರೆದುಕೊಂಡು ಹೋಗಿ ಮಂಚದಂಚಿಗೆ ಕೂರಿಸಿ ಬೂಟು ತೊಡಿಸಲು ಕೆಳಗೆ ಕೂತಳು. ದಕ್ಷಿಣದ ಕೋಣೆ ಅದು. ಕಿಟಕಿಯಾಚೆ ಆಲಿವ್ ತೋಟ, ಇನ್ನೂ ಆಚೆ ಸಮುದ್ರದ ಒಂದು ಗೆರೆ. ಮಧ್ಯಾಹ್ನದ ತನಕ ಬಿಸಿಲು ಹಾಸಿಗೆಯ ಮೇಲೇ ಇರುತ್ತದೆ, ಬಿಸಿಲು ಹೋದರೆ ಡೀಸೆಲ್ ಒಲೆ ಇದೆ. ಇಲ್ಲಿ ಕೂತಾಗಲೆಲ್ಲ ಅದ್ಲಾಳ ಮೊಣಕಾಲಿನ ನೋವು ತಾನಾಗಿ ಇಳಿಯುತ್ತಿತ್ತು. ಅತ್ತೆಯ ಪಾದ ಊದಿಕೊಂಡಿತ್ತು, ಬೂಟಿನೊಳಗೆ ಹೋಗಲು ಒಪ್ಪಲಿಲ್ಲ. ತಗ್ಗಿಸಿದ ಅವಳ ತಲೆಯ ಮೇಲಿನಿಂದ ಅತ್ತೆ ಕೇಳಿದಳು:

"ನೀನ್ಯಾರಿಗೆ ಹಾಕ್ತೀಯೇ?"

"ಭಾವ ಕೊಟ್ಟಿದ್ದು."

"ಗೊತ್ತಿತ್ತು. ನಖೂಲಾನ ಜೊತೆ ನೀನೂ ಅರ್ಧ ಸತ್ತೆ ಅಂತ ಜನ ಅನ್ತಾರೆ. ನಾನು ಒಪ್ಪಲ್ಲ. ನೀನು ಬರೋವಾಗ್ಲೇ ಸತ್ತು ಬಂದೋಳು. ಒಂದು ಮಗೂನ ಹೊರೋಷ್ಟು ಜೀವಾನೂ ಇರಲಿಲ್ಲ ನಿನ್ನಲ್ಲಿ. ಅಯ್ಯೋ, ಬೆರಳು, ಬೆರಳು ಸಿಕ್ಕೊಂಡಿದೆ, ಎಮ್ಮೆ."

ಅದ್ಲಾ ಬೆರಳು ಬಿಡಿಸಿದಳು. ಇದು ಹೊಸ ಮಾತಲ್ಲ. ದಿನವೂ ತಿನ್ನಿಸಿ, ತೊಳೆದು, ಒರೆಸಿ ಮುಗಿಸುವ ಹೊತ್ತಿಗೆ ಇಂಥದೊಂದು ಮಾತು ಅವಳ ಮಡಿಲಿಗೆ ಬೀಳುತ್ತಿತ್ತು, ಅವಳು ಅದನ್ನು ಕೊಳೆ ಬಟ್ಟೆಯ ಜೊತೆಗೇ ಎತ್ತಿಕೊಂಡು ಹೋಗುತ್ತಿದ್ದಳು. ಆದರೆ ಈ ಹೊತ್ತು, ಬೂಟಿನ ದಾರ ಎಳೆದು ಕಟ್ಟುತ್ತಿದ್ದಾಗ ಅವಳ ತಲೆಯೊಳಗೆ ಏನೋ ತಣ್ಣಗೆ ಕೂತುಕೊಂಡಿತು. ಅದು ಸಿಟ್ಟಲ್ಲ. ಬೀರುವಿನಲ್ಲಿ ಬಹಳ ದಿನ ಹುಡುಕಿದ ಸಾಮಾನು ಕಣ್ಣೆದುರೇ ಇದ್ದದ್ದು ಕಂಡ ಹಾಗೆ. ಎಲ್ಲರೂ ನಕ್ಕಿದ್ದಾರೆ. ಸೂಜಿ ಹುಡುಗಿಗೇ ಹಾಕ್ತೀನಿ ಅಂತ ಈ ಮುದುಕಿ ಎಲ್ಲರೆದುರು ಹೇಳಿದ್ದಾಳೆ. ಮಿತ್ರಿಯ ಚೀಟಿಯಲ್ಲಿ ಲಮ್ಯಾಳ ಹೆಸರು ಬಂದರೆ ಯಾರು ತಾನೇ ಆಶ್ಚರ್ಯಪಡುತ್ತಾರೆ? ಎಂಬತ್ತು ದಾಟಿದವಳನ್ನು ಏನು ಮಾಡಿಯಾರು? ಬೈಯುತ್ತಾರೆ. ಅವಳೂ ತಿರುಗಿ ಬೈಯುತ್ತಾಳೆ. ಅದು ಅವಳಿಗೆ ಖುಷಿಯ ವಿಷಯವೇ. ಹೀಗೆ ಅದ್ಲಾ ಅತ್ತೆಯ ಎರಡನೆಯ ಬೂಟು ತೊಡಿಸಿ ಮುಗಿಸುವುದರೊಳಗೆ ಅತ್ತೆಯ ಪರವಾಗಿ ತಾನೇ ಎಲ್ಲವನ್ನೂ ಒಪ್ಪಿಬಿಟ್ಟಿದ್ದಳು.

ಮತಗಟ್ಟೆಯಾಗಿದ್ದ ಶಾಲೆಯ ಗೇಟಿನಲ್ಲಿ ಇಬ್ಬರು ಸಿಪಾಯಿಗಳಿದ್ದರು, ಮಲ್ಹೆಮನ ಮುಖವಿರುವ ಬಿಳಿ ಟೀ ಶರ್ಟು ತೊಟ್ಟ ಹುಡುಗಿಯರಿದ್ದರು. ಬೈರೂತಿನವರು ಕಾರುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ ಒಬ್ಬರನ್ನೊಬ್ಬರು ತಬ್ಬಿ ಮುತ್ತಿಡುತ್ತಿದ್ದರು; ಅಲ್ಲೇ ಗೋಡೆಯ ಬುಡದಲ್ಲಿ ಕೊಳಚೆ ಹರಿಯುತ್ತಿತ್ತು, ಅದನ್ನು ದಾಟಲು ಯಾರೋ ಒಂದು ಹಲಗೆ ಹಾಕಿದ್ದರು. ಲಮ್ಯಾ ಸ್ವಲ್ಪ ದೂರದಲ್ಲಿ ಹಿಪ್ಪುನೇರಳೆ ಮರದ ಕೆಳಗೆ ಒಬ್ಬಳೇ ನಿಂತಿದ್ದಳು. ಮುಂದೆ ಒಂದು ಸ್ಟೂಲು, ಅದರ ಮೇಲೆ ಅವಳ ಹೆಸರಿನ ಚೀಟಿಗಳು, ಹಾರದ ಹಾಗೆ ಮೇಲೊಂದು ಕಲ್ಲು. ಅದ್ಲಾಳ ತೋಳು ಹಿಡಿದು ಅತ್ತೆ ಹಲಗೆ ದಾಟುವಾಗ ಲಮ್ಯಾ ಮೊದಲು ನೋಡಿದ್ದು ಅತ್ತೆಯ ಊದಿದ ಕಾಲನ್ನು. ಆಮೇಲೆ ಅದ್ಲಾಳ ಕಡೆ ನೋಡಿ, ಗುರುತೇ ಇಲ್ಲದವಳ ಹಾಗೆ ಮುಖ ತಿರುಗಿಸಿದಳು. ನನ್ನನ್ನು ಕಾಪಾಡುತ್ತಿದ್ದಾಳೆ, ಅಂದುಕೊಂಡಳು ಅದ್ಲಾ. ಗುರುತು ತೋರಿಸಿದರೆ ನನಗೆ ತೊಂದರೆ ಅಂತ. ಹಾಗೆ ಕಾಪಾಡಿಸಿಕೊಳ್ಳುವುದು ಅವಳಿಗೆ ಮೈಮೇಲೆ ಉಗುಳಿದಷ್ಟೇ ಚುಚ್ಚಿತು.

ಹೆಂಗಸರ ಕೋಣೆ ಒಂದನೇ ತರಗತಿಯದ್ದು. ಗೋಡೆಯ ಮೇಲೆ ಮೊಲ, ಕ್ಯಾರೆಟ್ಟು. ಚಿಕ್ಕ ಮಕ್ಕಳ ಬೆಂಚಿನ ಮೇಲೆ ಮಂಡಿ ಎದೆಗೆ ತಾಗುವ ಹಾಗೆ ಕೂತಿದ್ದ ತನ್ನೂಸ್, "ಬನ್ನಿ ಅತ್ತೆ, ಬನ್ನಿ, ವಧು ಬಂದ ಹಾಗೆ ಬರ್ತಿದ್ದೀರಿ" ಅಂದ. ಬೇರೆ ಜಿಲ್ಲೆಯಿಂದ ಬಂದ ಮೇಷ್ಟರೊಬ್ಬ ಅಧಿಕಾರಿ. ಗುರುತಿನ ಚೀಟಿ ನೋಡಿ, ಹೆಸರು ಕೂಗಿ, ಮುದ್ರೆ ಹೊಡೆದ ಖಾಲಿ ಲಕೋಟೆ ಕೊಟ್ಟು, ಅಜ್ಜಿಗೆ ಸಹಾಯಕ್ಕೆ ಯಾರಾದರೂ ಒಳಗೆ ಬರಬಹುದು ಅಂದ.

"ಪರದೆ ಹಿಂದೆ ನಂಗ್ಯಾರೂ ಬೇಡ. ಇಷ್ಟು ವರ್ಷ ಒಬ್ಬಳೇ ಇದ್ದೀನಿ" ಅಂದಳು ಅತ್ತೆ. ನಡುಗುವ ಕೈಯನ್ನು ಅದ್ಲಾಳ ಕಡೆ ಚಾಚಿದಳು. "ಕೊಡು ನನ್ನ ಚೀಟಿ."

ಎರಡು ಚೀಟಿಗಳು ಚೀಲದ ಎರಡು ಬದಿಯಲ್ಲಿದ್ದವು. ಕೈ ಯಾವ ಬದಿಗೆ ಹೋಯಿತು ಅಂತ ಅದ್ಲಾಗೆ ಗೊತ್ತಿತ್ತು. ಗಡಿಬಿಡಿಯಲ್ಲಿ ಗೊತ್ತಾಗಲಿಲ್ಲ ಅಂತ ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡು ನೋಡಿದಳು, ಆ ಮಾತು ನಿಲ್ಲಲಿಲ್ಲ. ಸಲೀಬಾನಿಂದ ಶುರುವಾಗುವ ಚೀಟಿ, ತನ್ನದು, ಅತ್ತೆಯ ಕೈಗೆ ಹೋಯಿತು. ಅತ್ತೆ ಪರದೆಯ ಹಿಂದೆ ಬಹಳ ಹೊತ್ತು ಇದ್ದಳು. ಪರದೆ ಕೆಳಗಿನಿಂದ ಊದಿದ ಪಾದಗಳಷ್ಟೇ ಕಾಣುತ್ತಿದ್ದವು, ಬೂಟಿನ ದಾರವನ್ನು ಅದ್ಲಾ ಕಟ್ಟಿದ ಗಂಟು ಕಾಣುತ್ತಿತ್ತು. ಲಕೋಟೆಯ ಕಾಗದ ಪರಪರ ಅನ್ನುತ್ತಿತ್ತು. ಹೊರಬಂದು ಪೆಟ್ಟಿಗೆಗೆ ಹಾಕಿ, ಹೆಬ್ಬೆರಳನ್ನು ಶಾಯಿಯಲ್ಲದ್ದಿ ಮೇಲಕ್ಕೆತ್ತಿ ಹಿಡಿದು, "ಉಂಗುರವಂತೂ ಕಾಣಲಿಲ್ಲ, ಈ ಕೈ ಶಾಯಿನಾದ್ರೂ ಕಾಣ್ತು" ಅಂದಳು. ಅಧಿಕಾರಿಯೂ ನಕ್ಕ.

ಅದ್ಲಾಳ ಸರದಿ. ಪರದೆಯ ಒಳಗೆ ಮಕ್ಕಳ ಡೆಸ್ಕು, ದಾರ ಕಟ್ಟಿದ ಪೆನ್ನು. ಡೆಸ್ಕಿನ ಮೇಲೆ ಯಾವುದೋ ಮಗು ಒಂದು ಸೂರ್ಯ ಕೆತ್ತಿತ್ತು. ಮಿತ್ರಿಯಿಂದ ಶುರುವಾಗುವ ಚೀಟಿ ಬಿಡಿಸಿದಳು. ಒಂದು ಹೆಸರು ಹೊಡೆಯಬೇಕು. ಮಲ್ಹೆಮ್ ಅನ್ನುವ ಹೆಸರಿನ ಮೇಲೆ ಗೀಟೆಳೆದಾಗ ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತಿತು. ಕಾರಿನ ಕೀಲಿಯ ನೆನಪಾಯಿತು, ಆಮೇಲೆ ಕೀಲಿಯನ್ನು ತೂಗುಹಾಕಿದ್ದ ಮೊಳೆಯ ನೆನಪಾಯಿತು, ಅದರ ಸುತ್ತ ಗೋಡೆಯ ಮೇಲೆ ಉಳಿದಿದ್ದ ಎಣ್ಣೆಯ ಗುರುತಿನ ನೆನಪಾಯಿತು. ಕೆಳಗೆ ಲಮ್ಯಾಳ ಹೆಸರು ಬರೆಯಬೇಕು. ಅಕ್ಷರಗಳನ್ನು ಅತ್ತೆಯ ಕೈ ನಡುಗಿದ ಹಾಗೆ ನಡುಗಿಸಿ ಬರೆಯಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಅದರ ಅಗತ್ಯ ಬೀಳಲಿಲ್ಲ. ಕೈ ತಾನೇ ನಡುಗಿತು. ಇಷ್ಟು ಚೆನ್ನಾಗಿ ನಡುಗಿತಲ್ಲ ಅಂತ ಒಂದು ಕ್ಷಣ ಸಮಾಧಾನವೂ ಆಯಿತು, ಆ ಸಮಾಧಾನಕ್ಕೆ ಅಲ್ಲೇ ನಾಚಿಕೆಯೂ ಆಯಿತು.

ಸಂಜೆ ಏಳಕ್ಕೆ ಬಾಗಿಲು ಮುಚ್ಚಿ ಎಣಿಕೆ ಶುರುವಾಯಿತು. ಒಳಗೆ ಏಜೆಂಟರು, ಅಭ್ಯರ್ಥಿಗಳು. ಹೆಂಗಸರು ಅಂಗಳದ ಕಡೆಯ ಕಿಟಕಿಗಳಿಗೆ ಜೋತುಬಿದ್ದು ಕೇಳುತ್ತಿದ್ದರು. ಅತ್ತೆ ತಾನೂ ಕೇಳಬೇಕೆಂದು ಹಟ ಮಾಡಿದ್ದರಿಂದ ಅವಳನ್ನು ಕಾರಿನ ಮುಂದಿನ ಸೀಟಿನಲ್ಲಿ ಬಾಗಿಲು ತೆರೆದು ಕೂರಿಸಿ, ಅದ್ಲಾ ಪಕ್ಕದಲ್ಲಿ ನಿಂತಿದ್ದಳು. ಮೇಷ್ಟರ ಗಂಟಲು ಹಾಜರಿ ಕರೆದು ಪಳಗಿದ ಗಂಟಲು. ಒಂದೊಂದು ಚೀಟಿ ಓದಿದಾಗಲೂ ಹೆಂಗಸರಲ್ಲಿ ಪಿಸುಮಾತು: ಇದು ದೊಡ್ಡಮನೆ ಹಿರೇ ಸೊಸೇದು, ಇದು ತ್ರಿಪೋಲಿ ಅಕ್ಕಂದು. ಸಲೀಬಾನಿಂದ ಶುರುವಾದ ಚೀಟಿ ಬಂತು, ಒಂಬತ್ತಕ್ಕೆ ಒಂಬತ್ತೂ ಸರಿಯಾಗಿ. "ಇದು ನಿಂದು ಅಲ್ವೇನೇ ಅದ್ಲಾ? ಕುರಿ ನೀನು, ಬಂಗಾರದಂಥ ಕುರಿ" ಅಂತ ಉಮ್ಮ್ ಮಲ್ಹೆಮ್ ಕಿಟಕಿಯಿಂದಲೇ ತಿರುಗಿ ಹೇಳಿದಳು. ಬಹಳ ಹೊತ್ತಿನ ಮೇಲೆ ಮೇಷ್ಟರು, "ಮಿತ್ರಿ..." ಅಂತ ಶುರುಮಾಡಿದರು. ಅದ್ಲಾ ಕಾರಿನ ಬಾಗಿಲು ಹಿಡಿದುಕೊಂಡಳು. ಹೆಸರುಗಳು ಒಂದಾದ ಮೇಲೊಂದು ಬಂದವು. ಮಲ್ಹೆಮನ ಜಾಗ ಬಂದಾಗ ಮೇಷ್ಟರು ನಿಂತು, ಕಾಗದವನ್ನು ಬೆಳಕಿಗೆ ಹಿಡಿದು, "ಇದಕ್ಕೆ ಗೀಟು ಹೊಡೆದಿದೆ" ಅಂದು ಮುಂದುವರಿದರು. ಕೊನೆಯಲ್ಲಿ, ಓದಲು ಸ್ವಲ್ಪ ಕಷ್ಟಪಟ್ಟು, "ಲಮ್ಯಾ" ಅಂದರು.

ಅಂಗಳದಲ್ಲಿ ಯಾರೋ ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಉಸಿರೆಳೆದುಕೊಂಡರು. ಒಳಗಿನಿಂದ ತನ್ನೂಸನ ದನಿ ಕೇಳಿತು, "ಅಕ್ಷರ ನೋಡಿ ಸಾರ್, ಹುಳ ಹರಿದ ಹಾಗಿದೆ, ಹೆಂಗೆ ನಡುಗಿದೆ ನೋಡಿ." ಆಮೇಲೆ ಕಿಟಕಿಗಳ ಹತ್ತಿರದಿಂದ, "ಶಫೀಕಾದ್ದು! ಮುದುಕಿ ಹೇಳಿದ್ದನ್ನ ಮಾಡೇಬಿಟ್ಳು!"

ಅತ್ತೆ ಕಾರಿನೊಳಗೆ ತಲೆಯೆತ್ತಿದಳು. ಏನೂ ಅರ್ಥವಾಗದವಳ ಹಾಗೆ ಬಾಯಿ ಸ್ವಲ್ಪ ತೆರೆದಿತ್ತು. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆದು ಲಮ್ಯಾ ಓಡೋಡಿ ಬಂದಳು. ಎಣಿಕೆ ಬಿಟ್ಟು ಬಂದಿದ್ದಳು. ಕಾರಿನ ಮುಂದೆ ಮಣ್ಣಿನಲ್ಲೇ ಮಂಡಿಯೂರಿ ಅತ್ತೆಯ ಶಾಯಿ ಹತ್ತಿದ ಕೈಯನ್ನು ಎತ್ತಿ ತುಟಿಗೆ ಒತ್ತಿಕೊಂಡಳು.

"ಅತ್ತೆ, ನೀವು... ನಾನು ಅಂದುಕೊಂಡಿರಲಿಲ್ಲ. ತಮಾಷೆಗೆ ಅಂತೀರ ಅನ್ಕೊಂಡಿದ್ದೆ."

ಅತ್ತೆಯ ಕಣ್ಣು ಲಮ್ಯಾಳ ತಲೆಯ ಮೇಲಿನಿಂದ ಅದ್ಲಾಳ ಮುಖಕ್ಕೆ ಬಂತು. ಅಲ್ಲಿ ಬಹಳ ಹೊತ್ತು ನಿಂತಿತು. ಅದ್ಲಾಗೆ ಗೊತ್ತಿತ್ತು, ಈಗ ಹೇಳುತ್ತಾಳೆ. ಹೇಳಲಿ ಅಂತಲೂ ಒಂದು ಮನಸ್ಸು. ಅತ್ತೆ ಹೇಳಲಿಲ್ಲ. ಅವಳ ಬೆನ್ನು ಮೆಲ್ಲಗೆ ನೆಟ್ಟಗಾಯಿತು, ಗಲ್ಲ ಮೇಲೆದ್ದಿತು. ಯಾರದ್ದೋ ಒಡವೆಯನ್ನು ಒಮ್ಮೆ ಹಾಕಿ ನೋಡಿ, ತೆಗೆಯಲು ಮನಸ್ಸಾಗದವಳ ಹಾಗೆ ಕಾಣಿಸಿದಳು.

"ಹೌದು ಮಗಳೇ. ನಾನು ಹೇಳಿದ್ದೆನಲ್ಲ. ಈ ಮನೇಲಿ ಬೇರೆ ಯಾರಿಗಿದೆ ಧೈರ್ಯ?"

ಲಮ್ಯಾ ಕಣ್ಣೊರೆಸಿಕೊಳ್ಳುತ್ತ ಎದ್ದಳು. ಆಗ ಅದ್ಲಾಳನ್ನು ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಹತ್ತಿರ ಬಂದು ಭುಜ ಮುಟ್ಟಿ, ಮೊದಲು ನಖೂಲಾನ ಹುಣ್ಣು ತೊಳೆಯುವಾಗ ಬಳಸುತ್ತಿದ್ದ ಅದೇ ಮೆತ್ತಗಿನ ದನಿಯಲ್ಲಿ, "ಪರವಾಗಿಲ್ಲ ಅದ್ಲಾ. ನಿನ್ನ ಕಷ್ಟ ನಂಗೊತ್ತು. ಬೇಜಾರು ಮಾಡ್ಕೋಬೇಡ" ಅಂದಳು.

ಆ ಕ್ಷಣ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಉಮ್ಮ್ ಮಲ್ಹೆಮ್ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅದ್ಲಾ ತಲೆಯಾಡಿಸಿದಳು. ಕೊಟ್ಟ ಮಾತನ್ನು ಉಳಿಸಿಕೊಂಡದ್ದಕ್ಕೆ ಕ್ಷಮೆ ಪಡೆದು ಸುಮ್ಮನೆ ನಿಂತಳು.

ಊಟಕ್ಕೆ ಮನೆ ತುಂಬ ಜನ. ಮಲ್ಹೆಮನನ್ನು ಹೆಗಲ ಮೇಲೆ ಹೊತ್ತು ತಂದಿದ್ದರು, ಅಂಗಳದಲ್ಲಿ ಪಟಾಕಿ, ಡೋಲು, ಮೇಜಿನ ಮೇಲೆ ಕಿಬ್ಬೆ, ಸುಟ್ಟ ಕುರಿಮಾಂಸ, ಅರಕ್ಕು. ಅತ್ತೆಯ ಜಾಗ ಯಾವಾಗಲೂ ಭಾವನ ಬಲಗಡೆ. ಅವತ್ತೂ ಅಲ್ಲೇ ಕೂರಿಸಿದರು. ಭಾವ ಒಂದೇ ಒಂದು ಕೆಟ್ಟ ಮಾತಾಡಲಿಲ್ಲ. ಅದ್ಲಾ ಎಂದಿನ ಹಾಗೆ ಕಿಶ್ಕ್ ಗಂಜಿಯ ಬಟ್ಟಲು ತಂದು, ಅತ್ತೆಯ ಪಕ್ಕ ಕೂತು, ಕುತ್ತಿಗೆಗೆ ಬಟ್ಟೆ ಕಟ್ಟಿ, ಚಮಚ ಎತ್ತಿಕೊಂಡಾಗ ಅವನು ಮೆಲ್ಲಗೆ ಕೈ ಅಡ್ಡ ಹಿಡಿದ.

"ಬಿಡು ಅದ್ಲಾ. ಅತ್ತೆ ಕೈಗೆ ಶಕ್ತಿ ಬಂದಿದೆ. ಪೆನ್ನು ಹಿಡಿಯೋ ಕೈ ಚಮಚ ಹಿಡಿಯೋದಿಲ್ವಾ? ಅಲ್ವಾ ಅತ್ತೆ? ನೀನು ಕೂತ್ಕೊಂಡು ಊಟ ಮಾಡು."

ಕೆಲವರು ತಟ್ಟೆಯಿಂದ ತಲೆಯೆತ್ತಿದರು. ಆಮೇಲೆ ಯಾರೋ ನಕ್ಕರು. ಅತ್ತೆ ಚಮಚ ತೆಗೆದುಕೊಂಡಳು. ಗಂಜಿ ಬಟ್ಟಲಿನಿಂದ ಬಾಯಿಯ ತನಕ ಹೋಗಲಿಲ್ಲ. ಅರ್ಧ ಮೇಜಿನ ಬಟ್ಟೆಗೆ, ಅರ್ಧ ಎದೆಗೆ ಬಿತ್ತು. ಬರಿದಾದ ಚಮಚ ಹಲ್ಲಿಲ್ಲದ ವಸಡಿಗೆ ತಾಗಿತು. ಮತ್ತೆ ತುಂಬಿಸಿದಳು. ಮತ್ತೆ ಚೆಲ್ಲಿತು. "ಸಾವಕಾಶ, ಸಾವಕಾಶ, ಇಡೀ ರಾತ್ರಿ ಇದೆ" ಅಂದ ಭಾವ. "ಮಲ್ಹೆಮನ ಹೆಸರಿಗೆ ಗೀಟು ಮಾತ್ರ ಎಷ್ಟು ನೆಟ್ಟಗೆ ಎಳೆದಿದ್ರಿ ಅಂತ ತನ್ನೂಸ್ ಹೇಳ್ತಿದ್ದ." ಬೈರೂತಿನಿಂದ ಬಂದ ಮಗುವೊಂದು ಅಜ್ಜಿಯ ಗಲ್ಲದಿಂದ ಇಳಿಯುವ ಗಂಜಿಯನ್ನು ನೋಡಿ ಕಿಲಕಿಲ ನಕ್ಕಿತು, ಅದರ ತಾಯಿ ಗದರಿಸಲಿಲ್ಲ. ಅದ್ಲಾಳ ಕೈ ತಾನಾಗಿ ಅತ್ತೆಯ ಕಡೆ ಹೊರಟಿತು, ಅರ್ಧಕ್ಕೆ ನಿಂತಿತು. ಅವಳು ಬಾಯಿ ತೆರೆದಳು. ಇಡೀ ಮೇಜು ಅವಳ ಕಡೆ ತಿರುಗಿತು.

"ಏನು?" ಅಂದ ಭಾವ.

"ಉಪ್ಪು" ಅಂದಳು ಅದ್ಲಾ. "ಉಪ್ಪು ಸ್ವಲ್ಪ ಈ ಕಡೆ ಕೊಡಿ ಭಾವ."

ಕೊಟ್ಟರು. ಅವಳು ಹಾಕಿಕೊಂಡಳು. ಮೊದಲೇ ಉಪ್ಪಾಗಿದ್ದ ಮಾಂಸಕ್ಕೆ ಮತ್ತೆ ಉಪ್ಪು ಹಾಕಿಕೊಂಡು, ತಲೆ ತಗ್ಗಿಸಿ ಪೂರ್ತಿ ತಿಂದಳು.

ಎರಡು ದಿನ ಯಾರೂ ಅತ್ತೆಗೆ ತಿನ್ನಿಸಬಾರದು ಅಂತ ಯಾರೂ ಹೇಳಲಿಲ್ಲ, ಯಾರೂ ತಿನ್ನಿಸಲೂ ಇಲ್ಲ. ಅದ್ಲಾ ಅಡುಗೆಮನೆಯಿಂದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಮುಸುಕಿನಡಿ ತಂದು ಕೊಡುತ್ತಿದ್ದಳು, ಬಾಗಿಲ ಕಡೆ ಕಿವಿಯಿಟ್ಟು, ಕಳ್ಳತನ ಮಾಡಿದವಳ ಹಾಗೆ. ಅತ್ತೆ ತಿನ್ನುತ್ತಿದ್ದಳು, ಮಾತಾಡುತ್ತಿರಲಿಲ್ಲ. ಆ ಮೌನ ಅದ್ಲಾಗೆ ಹಳೆಯ ಬೈಗುಳಕ್ಕಿಂತ ಭಾರವಾಗಿತ್ತು. ಮಂಗಳವಾರ ಭಾವ ಬಂದು, ಕೆಳಗಿನ ಪೇಟೆಯ ಕನ್ಯಾಸ್ತ್ರೀಯರ ವೃದ್ಧಾಶ್ರಮದಲ್ಲಿ ಒಂದು ಮಂಚ ಸಿಕ್ಕಿದೆ, ಅಲ್ಲಿ ಡಾಕ್ಟರು ಇದ್ದಾರೆ, ನರ್ಸುಗಳಿದ್ದಾರೆ, ಅತ್ತೆಗೆ ನರ್ಸುಗಳೆಂದರೆ ಇಷ್ಟ ತಾನೇ ಅಂದ. ಹೇಳುವಾಗ ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಅವನಿಗೆ ಹಾಗೆ ಮಾತಾಡಲು ಬರುತ್ತಿತ್ತು.

ಬಟ್ಟೆ ತುಂಬಿದ್ದು ಅದ್ಲಾ. ಎರಡು ಅಂಗಿ, ಒಳಲಂಗ, ಜಪಮಾಲೆ, ಊದಿದ ಕಾಲಿನ ಬೂಟು. ಬೂಟು ತೊಡಿಸಲು ಮತ್ತೆ ಅದೇ ಜಾಗದಲ್ಲಿ ಕೂತಳು. ಬಿಸಿಲು ಹಾಸಿಗೆಯ ಮೇಲಿತ್ತು. ಆಗ ಅತ್ತೆ, ತಲೆಯ ಮೇಲಿನಿಂದ, ಮೊದಲ ಸಲ ಮಾತಾಡಿದಳು.

"ಸಲೀಬಾನಿಂದ ಶುರುವಾಗಿತ್ತು, ನೀನು ಕೊಟ್ಟ ಚೀ‌ಟಿ. ನಂಗೆ ಕಾಲಿಲ್ಲ ಅಷ್ಟೇ, ಕಣ್ಣಿದೆ. ಪರದೆ ಹಿಂದೆ ನೋಡಿದೆ. ಎಮ್ಮೆ, ಗಡಿಬಿಡೀಲಿ ತಪ್ಪು ಕೊಟ್ಟಿದ್ದಾಳೆ ಅನ್ಕೊಂಡೆ. ವಾಪಸು ಕೂಗಿದ್ರೆ ನಿಂಗೆ ಬೈಗುಳ ಬೀಳತ್ತೆ ಅಂತ ಹಾಗೇ ಹಾಕ್ದೆ."

ಅದ್ಲಾಳ ಬೆರಳು ದಾರದ ಮೇಲೆ ನಿಂತವು.

"ಪೆನ್ನು ಕೈಲಿ ಹಿಡಿದಿದ್ದೆ. ಆ ಹುಡುಗಿ ಹೆಸರು ಬರೀಬೇಕು ಅಂತ. ಆಗಲಿಲ್ಲ ಕಣೆ. ಹೆದರಿಕೆಯಾಯ್ತು." ಅತ್ತೆ ಕಾಲನ್ನು ಮುಂದಕ್ಕೆ ಚಾಚಿದಳು. "ಕಟ್ಟು, ಬೇಗ ಕಟ್ಟು, ಕೆಳಗೆ ಹಾರ್ನು ಹೊಡೀತಿದ್ದಾನೆ."

ಅದ್ಲಾ ಕಟ್ಟಿದಳು. ಕ್ಷಮಿಸಿ ಅನ್ನಬೇಕೆಂದುಕೊಂಡಳು. ಬಾಯಿಗೆ ಬಂದದ್ದು, "ಬಿಗಿಯಾಯ್ತಾ?" ಅನ್ನುವುದು.

ಬಾಗಿಲ ಹತ್ತಿರ ಅತ್ತೆ ನಿಂತು ಕೋಣೆಯನ್ನೊಮ್ಮೆ ನೋಡಿದಳು, ಆಮೇಲೆ ಒಲೆಯ ಕಡೆ ಗಲ್ಲ ತೋರಿಸಿ, "ಹಚ್ಚೋ ಮುಂಚೆ ಕೊಳವೇನ ಎರಡು ಸಲ ತಟ್ಟು. ಇಲ್ದಿದ್ರೆ ಹೊಗೆಯೆಲ್ಲ ಒಳಗೇ ಬಿಡತ್ತೆ" ಅಂದಳು. ಯಾರಿಗೆ ಹೇಳಿದ್ದು ಅಂತ ಆಗ ಅದ್ಲಾಗೆ ಹೊಳೆಯಲಿಲ್ಲ. ಆ ವಾರ ಉಮ್ಮ್ ಮಲ್ಹೆಮ್ ಅಡುಗೆಮನೆಗೆ ಬಂದು, "ಸುಮ್ನೆ ಯಾಕೆ ಖಾಲಿ ಬಿಡೋದು, ನೀನೇ ಹೋಗೇ ಆ ಕೋಣೆಗೆ. ನೀನೊಬ್ಬಳಾದ್ರೂ ನೆಟ್ಟಗಿದ್ಯಲ್ಲ" ಅಂದಾಗ ಹೊಳೆಯಿತು.

ಒಂಬತ್ತಕ್ಕೆ ಒಂಬತ್ತು ಸ್ಥಾನವೂ ಶಂಬೂರ್ ಮನೆಯ ಕಡೆಯವರಿಗೇ ಸಿಕ್ಕಿತು. ಕೊಳಚೆ ಇದ್ದಲ್ಲೇ ಇದೆ, ಹಲಗೆಯೂ ಇದೆ. ಲಮ್ಯಾ ಊರು ಬಿಡಲಿಲ್ಲ. ಭಾನುವಾರಗಳಂದು ವೃದ್ಧಾಶ್ರಮಕ್ಕೆ ಹೋಗಿ ಶಫೀಕಾ ಅತ್ತೆಗೆ ತಿನ್ನಿಸಿ ಬರುತ್ತಿದ್ದಳು, ಚಳಿಗಾಲ ಶುರುವಾಗುವ ತನಕ, ಅಂದರೆ ಅತ್ತೆ ಇರುವ ತನಕ. ದಾರಿಯಲ್ಲಿ ಸಿಕ್ಕರೆ ಅದ್ಲಾಳನ್ನು ಚೆನ್ನಾಗಿಯೇ ಮಾತಾಡಿಸುತ್ತಾಳೆ. ಅದ್ಲಾಗೆ ದಕ್ಷಿಣದ ಕೋಣೆ ಸಿಕ್ಕಿತು. ಮೊಣಕಾಲು ನೋವು ಕಡಿಮೆಯಾಗಿದೆ.